ಮೂರೂಕಾಲರ ವ್ಯಾನು

ಆಂಕರೇಜ್, ಜನವರಿ. ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಬೆಳಗಿನ ಜಾವ ಎನ್ನೋಣವೆಂದರೆ
ಇಲ್ಲಿ ಸೂರ್ಯ ಏಳುವುದೇ ಹತ್ತಕ್ಕೆ.
ಅಲ್ಲಿಯವರೆಗೆ ಸರಕು ಕಾಯುವುದಿಲ್ಲ.

ಸ್ಪೆನಾರ್ಡ್ ರಸ್ತೆಯ ಹೋಟೆಲಿನೆದುರು
ಎಂಜಿನ್ನು ಬಿಸಿಮಾಡಿಕೊಂಡು ಕೂತಿದ್ದೆ,
ನಾನು, ಇಸಿದ್ರೋ ಮಕಲಿಂತಾಲ್.
ಇಲೋಇಲೋ ಬಿಟ್ಟು ಮೀನಿನ ಡಬ್ಬಿ ಕಾರ್ಖಾನೆಗೆಂದು ಬಂದವನು
ಈಗ ಹಾರುವವರನ್ನು ನೆಲದ ಮೇಲೆ ಸಾಗಿಸುತ್ತೇನೆ.

ಮೊದಲು ಬಂದಳು ಸಹಚಾಲಕಿ ಹಾಲೊರಾನ್.
ಕೆಲಸ ಸೇರಿ ಎಂಟು ತಿಂಗಳು, ಟೋಪಿಗಿನ್ನೂ ಅಂಗಡಿಯ ಮಡಿಕೆ.
ಆಮೇಲೆ ಕ್ಯಾಪ್ಟನ್ ಸ್ಟ್ರೌಡ್. ಹೆಗಲ ಮೇಲೆ ನಾಲ್ಕು ಪಟ್ಟೆ,
ಗಲ್ಲ ನುಣ್ಣಗೆ, ಶೂ ಫಳಫಳ,
ಬಾಯಲ್ಲಿ ಒಟ್ಟಿಗೇ ಎರಡು ಪೆಪ್ಪರ್‌ಮಿಂಟು.

ಬಾಗಿಲು ಮುಚ್ಚಿತು. ಹೀಟರು ಊದಿತು.
ಪುದೀನದ ಅಡಿಯಲ್ಲಿ ಅದು ಅಡಗಿತ್ತು,
ಮಂಚದ ಕೆಳಗೆ ಬಚ್ಚಿಟ್ಟುಕೊಂಡ ಮಗುವಿನ ಹಾಗೆ,
ಕಾಲು ಮಾತ್ರ ಹೊರಗೆ.
ಹಾವಿನ ಹೆಜ್ಜೆ ಹಾವಿಗೇ ಗೊತ್ತು.

"ರಾತ್ರಿ ಏಳಕ್ಕೇ ಮಲಗಿಬಿಟ್ಟೆ," ಎಂದ.
ನಾನೇನೂ ಕೇಳಿರಲಿಲ್ಲ.
ಹನ್ನೆರಡಕ್ಕೆ ಬಾರಿನ ಟಾಲಿಯಾ ನೆಲ ಒರೆಸುವಾಗ
ಕಾಲೆತ್ತಿ ಅಂದದ್ದು ಇವನಿಗೇ.
ಎಂಟು ತಾಸು ಎನ್ನುತ್ತದೆ ನಿಯಮ.
ಮೂರನೇ ಬೆರಳಿಗೇ ಮುಗಿಯಿತು ನನ್ನ ಎಣಿಕೆ.
ಹುಡುಗಿ ಕಿಟಕಿಯ ಹೆಪ್ಪನ್ನು ಉಗುರಿಂದ ಕೆರೆಯುತ್ತಿದ್ದಳು,
ಹೊರಗೆ ನೋಡಲು ಏನೋ ಇದೆಯೆಂಬಂತೆ.

ನನ್ನದೊಂದು ಹಳೇ ಸುಬಾರು ಇತ್ತು.
ಕೋರ್ಟು ಅದಕ್ಕೊಂದು ಕೊಳವೆ ಹಾಕಿಸಿತ್ತು:
ಊದಬೇಕು, ಒಪ್ಪಿಗೆಯಾದರೆ ಎಂಜಿನ್ನು ಏಳುತ್ತದೆ.
ಎರಡು ಚಳಿಗಾಲ ಊದಿದೆ,
ಶಾಲೆಯ ಗೇಟಿನೆದುರು, ಮಗಳು ಕ್ರಿಸಾಂತಾ
ಸೀಟಿನಲ್ಲಿ ಕುಗ್ಗಿ ಕುಗ್ಗಿ ಬ್ಯಾಗಿನಷ್ಟಾಗುತ್ತಿದ್ದಳು.
ಒಂದು ದಿನ ಯಂತ್ರ ಬೇಡವೆಂದಿತು.
ಕೆಮ್ಮಿನ ಔಷಧಿ, ಎಂದೆ. ಯಂತ್ರಕ್ಕೆ ಹೇಳಿದೆ, ಗೊತ್ತೆ,
ಜೋರಾಗಿ, ಕೈ ಮುಗಿದು.
ಹೆಂಡತಿ ನಂಬಿದ್ದಳು, ಪಾದ್ರಿ ನಂಬಿದ್ದರು,
ನಂಬದೆ ಉಳಿಸಿದ್ದು ಅದೊಂದೇ.
ಇವತ್ತಿಗೂ ಕೀಲಿ ತಿರುಗಿಸುವ ಮುನ್ನ
ಎದೆ ತುಂಬ ಉಸಿರೆಳೆದುಕೊಳ್ಳುತ್ತೇನೆ.

ಇವನ ವಿಮಾನಕ್ಕೆ ನಾಲ್ಕು ಎಂಜಿನ್ನು.
ಒಂದೂ ಊದು ಎನ್ನುವುದಿಲ್ಲ.

ಹುಡ್ ಕೆರೆಯ ಹತ್ತಿರ ಬಲಕ್ಕೆ ತಿರುಗಬೇಕು.
ತಿರುಗಲಿಲ್ಲ. ನಿಲ್ಲಿಸಿದೆ.
ಕೆರೆಯ ಮೇಲೆ ಪುಟ್ಟ ವಿಮಾನಗಳು
ಕಾಲಿಗೆ ಹಿಮಹಾವುಗೆ ಕಟ್ಟಿಕೊಂಡು, ರೆಕ್ಕೆಗೆ ಕಂಬಳಿ ಹೊದ್ದು
ನಿದ್ದೆ ಮಾಡುತ್ತಿದ್ದವು, ನಿಜವಾದ ನಿದ್ದೆ.
ಹಿಂದೆ ತಿರುಗಿ ನೋಡದೆ ಹೇಳಿದೆ:
"ಕ್ಯಾಪ್ಟನ್, ಇವತ್ತು ನಿಮಗೆ ಮೈ ಸರಿಯಿಲ್ಲ."

ಸ್ವಲ್ಪ ಹೊತ್ತು ಹೀಟರಿನದೇ ಮಾತು.
ಆಮೇಲೆ ನಕ್ಕ. "ಜನ ಯಾರಿದ್ದಾರೋ ಮಾರಾಯ,
ಇಂಚಿಯಾನಿಗೆ ಬರೀ ಏಡಿ."
ಏಡಿಗಳ ದಾರಿ ನನ್ನ ಮನೆಯ ಮಾಡಿನ ಮೇಲೆ, ಎನ್ನಬೇಕೆಂದಿದ್ದೆ.
ದವಡೆ ನಡುಗುತ್ತಿತ್ತು. ಹೋಟೆಲು, ಸಂಬಳ, ಹಳೇ ಕೇಸು,
ನನ್ನ ಮಾತನ್ನು ಯಾರು ಕೇಳುತ್ತಾರೆ?

ಅಷ್ಟರಲ್ಲಿ ಹಾಲೊರಾನ್ ಬೆಲ್ಟು ಬಿಚ್ಚಿದಳು. ಟಕ್.
"ಸರ್, ಫೋನು ನೀವು ಮಾಡ್ತೀರೋ, ನಾನು ಮಾಡಲೋ?"
ಅವಳ ದನಿ ಶಾಲೆಯಲ್ಲಿ ಮೊದಲ ಸಲ
ಎದ್ದು ನಿಂತು ಪಾಠ ಓದುವವರ ದನಿ.

ಅವನು ಇಳಿದ. ಮಂಜಿನಲ್ಲಿ ಬೆನ್ನು ತಿರುಗಿಸಿ ನಿಂತ.
ಜ್ವರ ಎಂದನೋ, ನಿಜ ಎಂದನೋ,
ಬಾಯಿಂದ ಹೊರಟ ಬಿಳಿ ಹಬೆ ಮಾತ್ರ ಕಂಡಿತು,
ಎಷ್ಟೊಂದು ಉಸಿರು,
ಅದನ್ನು ಅಳೆಯಲು ಅಲ್ಲಿ ಯಾರೂ ಇರಲಿಲ್ಲ.

ಹುಡುಗಿಯನ್ನು ಗೇಟಿನಲ್ಲಿ ಇಳಿಸಿ ಅವನನ್ನು ವಾಪಸು ತಂದೆ.
ದಾರಿಯುದ್ದಕ್ಕೂ ಟೋಪಿ ಮಡಿಲಲ್ಲಿ,
ಅದರ ಅಂಚನ್ನು ಬೆರಳಿಂದ ಸುತ್ತುತ್ತಲೇ ಇದ್ದ.

ಆರೂ ನಲವತ್ತಕ್ಕೆ ನಮ್ಮ ಮಾಡು ಅದುರಿತು.
ಕ್ರಿಸಾಂತಾ ಮಗ್ಗುಲು ಬದಲಿಸಿದಳು.
ಯಾರ ಕೈಯಲ್ಲಿ ಹಾರಿತೋ ತಿಳಿಯದು.

ಯಾವಾಗಲೂ ಎರಡು ಡಾಲರು ಕೊಡುತ್ತಿದ್ದವನು
ಅವತ್ತು ಇಳಿಯುವಾಗ ಇಪ್ಪತ್ತರ ನೋಟು ಕೊಟ್ಟ.
ತಲೆಯ ಮೇಲಿನ ಬಿಸಿಲುಪಟ್ಟಿಗೆ ಸಿಕ್ಕಿಸಿಟ್ಟಿದ್ದೇನೆ,
ಖರ್ಚಾಗಿಲ್ಲ.
ಬಾಯಿ ಮುಚ್ಚಲೆಂದು ಕೊಟ್ಟನೋ,
ತೆರೆದದ್ದಕ್ಕೋ.